ಅಗಪಾವೋ ಮತ್ತು ಫಿಲೆಯೋ: ಒಂದು ಭೇದದ ಪರಿಶೀಲನೆ

ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಪ್ರೀತಿಯನ್ನು ಹೇಳುವ ಮುಖ್ಯ ಕ್ರಿಯಾಪದಗಳು ಎರಡು: ಸುಮಾರು 143 ಬಾರಿ ಬರುವ ‘ಅಗಪಾವೋ’ ಮತ್ತು 25 ಬಾರಿ ಬರುವ ‘ಫಿಲೆಯೋ’. ಮೊದಲನೆಯದು ಪ್ರತಿಫಲ ಬಯಸದ ದೈವಿಕ ಪ್ರೀತಿ, ಎರಡನೆಯದು ಸ್ನೇಹದ ಅಥವಾ ಮನುಷ್ಯಸಹಜ ಮಮತೆಯ ಪ್ರೀತಿ ಎಂಬ ವಿಂಗಡಣೆ ಈಗ ಎಷ್ಟು ಬೇರೂರಿದೆಯೆಂದರೆ, ‘ಅಗಾಪೆ ಪ್ರೀತಿ’ ಎಂಬ ಮಾತು ಕನ್ನಡದ ಕ್ರೈಸ್ತ ಪ್ರವಚನಗಳಲ್ಲೂ ಪರಿಭಾಷೆಯಂತೆ ಕೇಳಿಬರುತ್ತದೆ. ಸ್ವೀಡನ್ನಿನ ದೇವತಾಶಾಸ್ತ್ರಜ್ಞ ಆಂಡರ್ಸ್ ನೀಗ್ರೆನ್ 1930ರ ದಶಕದಲ್ಲಿ ಅಗಾಪೆ ಮತ್ತು ಎರೋಸ್‌ಗಳನ್ನು ಪರಸ್ಪರ ವಿರುದ್ಧ ತತ್ತ್ವಗಳೆಂದು ವಿವರಿಸಿ ಬರೆದ ಕೃತಿಯೂ, 1960ರಲ್ಲಿ ಬಂದ ಸಿ. ಎಸ್. ಲೂಯಿಸರ ನಾಲ್ಕು ಬಗೆಯ ಪ್ರೀತಿಗಳ ವಿವೇಚನೆಯೂ ಈ ರೂಢಿಗೆ ಬಲ ತುಂಬಿದವು. ಇವರ ತಾತ್ತ್ವಿಕ ಚಿಂತನೆಯ ಮೌಲ್ಯ ಬೇರೆಯದೇ ವಿಚಾರ. ಆ ಭೇದವನ್ನು ಕ್ರಿಯಾಪದಗಳೇ ತಮ್ಮೊಳಗೆ ಹೊತ್ತಿವೆ ಎನ್ನುವ ವಾದ ಮಾತ್ರ ಪಠ್ಯಗಳ ಎದುರು ನಿಲ್ಲುವುದಿಲ್ಲ.

ಈ ವಾದದ ಮುಖ್ಯ ಆಧಾರ ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯ. ತಿಬೇರಿಯ ಸಮುದ್ರದ ದಡದಲ್ಲಿ ಪುನರುತ್ಥಾನ ಹೊಂದಿದ ಯೇಸು ಪೇತ್ರನನ್ನು ತನ್ನ ಮೇಲಿನ ಪ್ರೀತಿಯ ಬಗ್ಗೆ ಮೂರು ಸಲ ಕೇಳುತ್ತಾನೆ; ಮೊದಲ ಎರಡು ಪ್ರಶ್ನೆಗಳಲ್ಲಿ ಅಗಪಾವೋ ಇದೆ, ಮೂರನೆಯದರಲ್ಲಿ ಫಿಲೆಯೋ ಇದೆ, ಪೇತ್ರನ ಮೂರು ಉತ್ತರಗಳಲ್ಲೂ ಫಿಲೆಯೋ ಒಂದೇ ಇದೆ. ಗುರು ಉನ್ನತವಾದ ಪ್ರೀತಿಯನ್ನು ಕೇಳಿದನು, ಶಿಷ್ಯನು ತನ್ನಲ್ಲಿರುವಷ್ಟನ್ನೇ ಒಪ್ಪಿಕೊಂಡನು, ಕೊನೆಗೆ ಗುರುವೇ ಶಿಷ್ಯನ ಮಟ್ಟಕ್ಕೆ ಇಳಿದನು ಎಂಬುದು ಇದರಿಂದ ಹೊರಡಿಸಿದ ವ್ಯಾಖ್ಯಾನ. ಅದು ಮನಮುಟ್ಟುವ ವ್ಯಾಖ್ಯಾನ. ಸೋತ ಶಿಷ್ಯನೊಬ್ಬನನ್ನು ಕರುಣೆಯಿಂದ ಕಾಣುವ ಅದರ ಹಂಬಲವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಈ ಭೇದವನ್ನು ಸಮರ್ಥಿಸಿದ ಹತ್ತೊಂಬತ್ತನೆಯ ಶತಮಾನದ ಇಬ್ಬರು ದೊಡ್ಡ ವಿದ್ವಾಂಸರೇ ಇದರ ದಿಕ್ಕಿನ ಬಗ್ಗೆ ಒಮ್ಮತಕ್ಕೆ ಬರಲಿಲ್ಲ. ಹೊಸ ಒಡಂಬಡಿಕೆಯ ಸಮಾನಾರ್ಥಕ ಪದಗಳ ಕುರಿತು 1854ರಲ್ಲಿ ಗ್ರಂಥ ಪ್ರಕಟಿಸಿದ ರಿಚರ್ಡ್ ಟ್ರೆಂಚ್ ಪ್ರಕಾರ ಅಗಪಾವೋ ಗೌರವ ಬೆರೆತ, ಕೊಂಚ ತಣ್ಣನೆಯ ಪದವಾದ್ದರಿಂದ ಅದು ಪೇತ್ರನಿಗೆ ಸಾಲದೆ, ತನ್ನ ಅಂತಃಕರಣದ ಬಿಸುಪನ್ನು ಹೇಳಬಲ್ಲ ಫಿಲೆಯೋವನ್ನು ಅವನು ಆರಿಸಿಕೊಂಡನು. ಬ್ರೂಕ್ ವೆಸ್ಟ್‌ಕಾಟ್ ಪ್ರಕಾರವೋ ಅಗಪಾವೋ ಮೇಲಿನದು, ಫಿಲೆಯೋ ಕೆಳಗಿನದು, ಪೇತ್ರನ ಆಯ್ಕೆಗೆ ಕಾರಣ ವಿನಯ. ಒಂದೇ ಸಂಭಾಷಣೆಯಲ್ಲಿ ಒಬ್ಬರಿಗೆ ಏರಿಕೆಯಾಗಿ ಕಂಡದ್ದು ಇನ್ನೊಬ್ಬರಿಗೆ ಇಳಿಕೆಯಾಗಿ ಕಂಡಿದೆಯೆಂದರೆ, ಆ ಏರಿಳಿತವನ್ನು ಪದಗಳಿಗೆ ಕೊಟ್ಟವರು ವ್ಯಾಖ್ಯಾನಕಾರರೇ ಎಂದು ಶಂಕಿಸಲು ಸಾಕಷ್ಟು ಕಾರಣವಿದೆ.

ಯೋಹಾನನ ಬರವಣಿಗೆಯ ರೀತಿ ಈ ಶಂಕೆಯನ್ನು ಗಟ್ಟಿಮಾಡುತ್ತದೆ. ತಂದೆಯು ಮಗನನ್ನು ಪ್ರೀತಿಸುತ್ತಾನೆಂದು ಹೇಳುವಾಗ ಅವನು 3ನೆಯ ಅಧ್ಯಾಯದಲ್ಲಿ ಅಗಪಾವೋವನ್ನೂ 5ನೆಯ ಅಧ್ಯಾಯದಲ್ಲಿ ಫಿಲೆಯೋವನ್ನೂ ಬಳಸುತ್ತಾನೆ. ಯೇಸುವಿಗೆ ಪ್ರಿಯನಾದ ಶಿಷ್ಯನ ಬಗ್ಗೆ 13ರಲ್ಲಿ ಒಂದು ಕ್ರಿಯಾಪದವಿದ್ದರೆ 20ರಲ್ಲಿ ಇನ್ನೊಂದಿದೆ. ಲಾಜರನ ಮೇಲಿನ ಪ್ರೀತಿಗೆ 11ನೆಯ ಅಧ್ಯಾಯವೊಂದರಲ್ಲೇ ಎರಡೂ ಬರುತ್ತವೆ. ಇದಕ್ಕೆ ತದ್ವಿರುದ್ಧವಾಗಿ, ಜನರು ಬೆಳಕಿಗಿಂತ ಕತ್ತಲೆಯನ್ನು ಪ್ರೀತಿಸಿದರು ಎನ್ನುವಲ್ಲಿ ಇರುವುದು ಅಗಪಾವೋ. 21ನೆಯ ಅಧ್ಯಾಯದ ಆ ಸಂಭಾಷಣೆಯಲ್ಲೇ ಕುರಿಗಳಿಗೆ ಎರಡು ಪದಗಳಿವೆ, ಅವುಗಳನ್ನು ಮೇಯಿಸಿ ಕಾಯುವುದಕ್ಕೆ ಎರಡು ಕ್ರಿಯಾಪದಗಳಿವೆ, ತಿಳಿದಿರುವುದಕ್ಕೂ ಎರಡಿವೆ. ಈ ಜೋಡಿಗಳ ಮೇಲೆ ಸಿದ್ಧಾಂತ ಕಟ್ಟುವವರು ವಿರಳ. ಒಂದೇ ಮಾತನ್ನು ಪರ್ಯಾಯಪದಗಳಲ್ಲಿ ಹೇಳುವ ಶೈಲಿ ಇದೆಂದು ಎಲ್ಲರೂ ಸುಮ್ಮನೆ ಒಪ್ಪುತ್ತಾರೆ. ಹಾಗಿರುವಾಗ ನಾಲ್ಕರಲ್ಲಿ ಒಂದು ಜೋಡಿಯನ್ನು ಮಾತ್ರ ಬೇರೆ ನಿಯಮದಿಂದ ಅಳೆಯುವುದು ನ್ಯಾಯವಲ್ಲ. ಮೂರನೆಯ ಸಲ ಕೇಳಿದ್ದಕ್ಕೆ ಪೇತ್ರನು ನೊಂದುಕೊಂಡನೆಂದು ಹೇಳುವಾಗ ನಿರೂಪಕನು ಮೂರೂ ಪ್ರಶ್ನೆಗಳನ್ನು ಒಂದೇ ಪ್ರಶ್ನೆಯ ಆವರ್ತನೆಯಾಗಿ ಎಣಿಸುತ್ತಾನೆ ಎಂಬುದೂ ಗಮನಾರ್ಹ. ಗ್ರೀಕಿನಲ್ಲೇ ಬಾಳಿ ಬೋಧಿಸಿದ ಕ್ರಿಸೊಸ್ತೊಮ್ ಈ ಭಾಗವನ್ನು ವಿವರಿಸುವಾಗ ಕ್ರಿಯಾಪದಗಳ ಬದಲಾವಣೆಗೆ ಮಹತ್ವ ಕೊಡದೆ, ಮಂದೆಯನ್ನು ಕಾಯುವ ಹೊಣೆಯ ಮೇಲೆ ಗಮನವಿಡುತ್ತಾನೆ. ಲ್ಯಾಟಿನ್ ಅನುವಾದದಲ್ಲಿ ಎರಡು ಬೇರೆ ಕ್ರಿಯಾಪದಗಳನ್ನೇ ಓದಿದ ಅಗಸ್ಟೀನ್ ಕೂಡ ‘ದೇವರ ನಗರ’ದ 14ನೆಯ ಪುಸ್ತಕದಲ್ಲಿ ಇದೇ ಸಂಭಾಷಣೆಯನ್ನು ಆಧಾರವಾಗಿಟ್ಟುಕೊಂಡು, ಆ ಪದಗಳ ನಡುವೆ ಭೇದವಿಲ್ಲವೆಂದು ವಾದಿಸುತ್ತಾನೆ.

ಹೊಸ ಒಡಂಬಡಿಕೆಯ ಲೇಖಕರ ಭಾಷೆಯನ್ನು ಬಹುಮಟ್ಟಿಗೆ ರೂಪಿಸಿದ್ದು ಸೆಪ್ತುಅಜಿಂತ, ಅಂದರೆ ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಸಿದ್ಧವಾಗುತ್ತ ಬಂದ ಹೀಬ್ರೂ ಧರ್ಮಗ್ರಂಥಗಳ ಗ್ರೀಕ್ ಅನುವಾದ. ಯಾಕೋಬನಿಗೆ ಯೋಸೇಫನ ಮೇಲಿದ್ದ ವಿಶೇಷ ಪ್ರೀತಿಯನ್ನು ಆದಿಕಾಂಡದ 37ನೆಯ ಅಧ್ಯಾಯದ ಮೂರನೆಯ ವಚನ ಅಗಪಾವೋದಿಂದಲೂ ನಾಲ್ಕನೆಯ ವಚನ ಫಿಲೆಯೋದಿಂದಲೂ ಹೇಳುತ್ತದೆ. ಮೂಲದ ಹೀಬ್ರೂ ಕ್ರಿಯಾಪದ ಎರಡು ಕಡೆಯೂ ಒಂದೇ. ಇದಕ್ಕಿಂತ ಕಠೋರವಾದ ಸಾಕ್ಷಿ ಸಮುವೇಲನ ಎರಡನೆಯ ಗ್ರಂಥದ 13ನೆಯ ಅಧ್ಯಾಯದಲ್ಲಿದೆ. ದಾವೀದನ ಮಗನಾದ ಅಮ್ನೋನನು ಮಲತಂಗಿ ತಾಮಾರಳ ಮೇಲೆ ಮೋಹಗೊಂಡು, ರೋಗದ ನೆಪ ಹೂಡಿ ಅವಳನ್ನು ಕರೆಸಿಕೊಂಡು ಬಲಾತ್ಕಾರ ಮಾಡಿ, ಬಳಿಕ ಹೊರದಬ್ಬುವ ಆ ಕಥೆಯಲ್ಲಿ ಅವನ ಮೋಹಕ್ಕೆ ಅನುವಾದಕರು ಇಟ್ಟ ಕ್ರಿಯಾಪದ ಅಗಪಾವೋ, ನಾಮಪದ ಅಗಾಪೆ. ಒಬ್ಬ ಹೆಣ್ಣಿನ ಬಾಳನ್ನು ನುಚ್ಚುನೂರು ಮಾಡಿದ ಆ ಮೋಹವನ್ನು ಹೇಳಲು ಅಡ್ಡಿಯಾಗದ ಪದದಲ್ಲಿ ಪಾವಿತ್ರ್ಯವು ಹುಟ್ಟಿನಿಂದಲೇ ನೆಲೆಸಿತ್ತು ಎನ್ನಲು ದಾರಿಯಿಲ್ಲ. ಹೊಸ ಒಡಂಬಡಿಕೆಯಲ್ಲೂ ದೇಮನು ಇಹಲೋಕವನ್ನು ಪ್ರೀತಿಸಿ ಪೌಲನನ್ನು ಬಿಟ್ಟುಹೋದನೆನ್ನುವಲ್ಲಿ ಇದೇ ಕ್ರಿಯಾಪದವಿದೆ. ಸಭಾಮಂದಿರದ ಮುಖ್ಯಪೀಠಗಳ ಮೇಲಿನ ಆಸೆಗೆ ಲೂಕನು 11ನೆಯ ಅಧ್ಯಾಯದಲ್ಲಿ ಅಗಪಾವೋವನ್ನೂ 20ನೆಯದರಲ್ಲಿ ಫಿಲೆಯೋವನ್ನೂ ಬಳಸಿದ್ದಾನೆ.

ಹಾಗಾದರೆ ಅಗಪಾವೋ ಇಷ್ಟು ಹೆಚ್ಚಾಗಿ ಬರುವುದೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಬೆಲ್ಜಿಯಂನ ರೊಬೇರ್ ಜೋಲಿ 1968ರಲ್ಲಿ ನೀಡಿದ ಉತ್ತರ ಭಾಷೆಯ ಚರಿತ್ರೆಯದು. ಮುತ್ತಿಡುವುದನ್ನು ಹೇಳುತ್ತಿದ್ದ ಹಳೆಯ ಕ್ರಿಯಾಪದದ ಕೆಲವು ರೂಪಗಳು ಗರ್ಭಧಾರಣೆಗೆ ಸಂಬಂಧಿಸಿದ ಇನ್ನೊಂದರ ರೂಪಗಳೊಡನೆ ಬೆರೆತು ಮುಜುಗರ ತಂದದ್ದರಿಂದ ಅದು ಬಳಕೆ ತಪ್ಪಿತು, ಅದರ ಕೆಲಸ ಫಿಲೆಯೋದ ಪಾಲಿಗೆ ಬಂತು, ಪ್ರೀತಿಸುವುದನ್ನು ಹೇಳಲು ಅಗಪಾವೋ ಮುಂದೆ ಬಂತು. ಈ ಪಲ್ಲಟ ಕ್ರೈಸ್ತಧರ್ಮ ಹುಟ್ಟುವುದಕ್ಕೆ ಮೊದಲೇ ಆರಂಭವಾಗಿತ್ತು. ಮಾರ್ಕನ ಸುವಾರ್ತೆಯಲ್ಲಿ ಯೂದನು ಮುದ್ದಿಟ್ಟು ಗುರುತು ತೋರಿಸುವೆನೆನ್ನುವಾಗ ಬಳಸುವುದು ಫಿಲೆಯೋವನ್ನೇ, ಇಂದಿನ ಗ್ರೀಕಿನಲ್ಲಿ ಆ ಕ್ರಿಯಾಪದಕ್ಕೆ ಉಳಿದಿರುವ ಮುಖ್ಯ ಅರ್ಥವೂ ಮುತ್ತಿಡುವುದೇ.

ಜೇಮ್ಸ್ ಬಾರ್ 1961ರ ತಮ್ಮ ಗ್ರಂಥದಲ್ಲಿ ಬೈಬಲ್ ಅಧ್ಯಯನದ ಒಂದು ದೋಷವನ್ನು ಗುರುತಿಸಿದರು: ಪದವೊಂದು ಬೇರೆ ಬೇರೆ ಸಂದರ್ಭಗಳಲ್ಲಿ ಪಡೆದ ಅರ್ಥಗಳನ್ನೆಲ್ಲ ಒಟ್ಟುಗೂಡಿಸಿ, ಆ ಮೊತ್ತವನ್ನು ಅದರ ಪ್ರತಿಯೊಂದು ಪ್ರಯೋಗದ ಮೇಲೂ ಹೇರುವುದು. ಅಗಪಾವೋಗೆ ಆದದ್ದು ಇದೇ, ಮತ್ತು ಇದರ ನಷ್ಟ ಓದುಗನಿಗೆ. ಕ್ರಿಯಾಪದಗಳ ಮೇಲೆಯೇ ಕಣ್ಣು ನೆಟ್ಟವನಿಗೆ, ಪೇತ್ರನು ಗುರುವನ್ನು ಮೂರು ಸಲ ಅಲ್ಲಗಳೆದದ್ದೂ ಮೂರು ಸಲ ಕೇಳಿಸಿಕೊಂಡದ್ದೂ ಇದ್ದಲಿನ ಬೆಂಕಿಯ ಬಳಿಯಲ್ಲೇ ಎಂಬುದೂ, ಆ ಬೆಂಕಿಯ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಈ ಎರಡು ಕಡೆ ಬಿಟ್ಟು ಬೇರೆಲ್ಲೂ ಬರುವುದಿಲ್ಲ ಎಂಬುದೂ ಕಾಣದೆ ಹೋಗುತ್ತದೆ. ಕ್ರೈಸ್ತ ಪ್ರೀತಿಯ ಕಲ್ಪನೆಗೆ ವಿಶಿಷ್ಟತೆಯಿಲ್ಲವೆಂದು ಇದರ ಅರ್ಥವಲ್ಲ; ಆ ವಿಶಿಷ್ಟತೆಯನ್ನು ಲೇಖಕರು ಪೂರ್ಣ ವಾಕ್ಯಗಳಲ್ಲಿ, ಘಟನೆಯ ಆಧಾರದಿಂದ ಕಟ್ಟಿಕೊಟ್ಟಿದ್ದಾರೆ. ಯೋಹಾನನ ಮೊದಲನೆಯ ಪತ್ರದ 4ನೆಯ ಅಧ್ಯಾಯ ಪ್ರೀತಿಯೆಂದರೇನೆಂದು ವಿವರಿಸಲು, ದೇವರು ತಾನಾಗಿ ಮೊದಲು ಪ್ರೀತಿಸಿ ಮಗನನ್ನು ಕಳುಹಿಸಿದ ಕಾರ್ಯವನ್ನು ಮುಂದಿಡುತ್ತದೆ. ಅದೇ ಪತ್ರದ 2ನೆಯ ಅಧ್ಯಾಯ ಲೋಕವನ್ನು ಪ್ರೀತಿಸಬಾರದೆಂದು ಎಚ್ಚರಿಸುವಾಗಲೂ ಅಗಪಾವೋವನ್ನೇ ಬಳಸುತ್ತದೆ.