ಯಾವೂರಪ್ಪ ನಿಂದು?

ನಮ್ಮ ಚಳ್ಳಕೆರೆ ಸೀಮೆಯ ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಪಕ್ಕ ನಿಂತವರ ಹೆಸರು ಕೇಳುವ ಮೊದಲೇ ನಾವು ಊರು ಕೇಳುತ್ತೇವೆ. ಬೆಂಗಳೂರಿನ ಮ್ಯೂಸಿಯಂ ನೋಡಲು ಮೊದಲ ಸಲ ಹೊರಟವರಿಗೆ ಅದೇ ಪ್ರಶ್ನೆ ಸಾಕು. ಅಲ್ಲಿರುವ ಒಂದೊಂದು ವಸ್ತುವೂ ಎಲ್ಲಿಂದಲೋ ಎದ್ದು ಬಂದದ್ದು.

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಿಂದ ಶುರುಮಾಡಿ. 1865ರಲ್ಲಿ ಹುಟ್ಟಿದ ಸಂಸ್ಥೆ. ಸೋಮವಾರ ಮಾತ್ರ ಹೋಗಬೇಡಿ, ಬಾಗಿಲು ಹಾಕಿರುತ್ತದೆ. ಸಂತೆ ಸುತ್ತಿದ ಹಾಗೆ ಎಲ್ಲ ಕೋಣೆಗಳನ್ನೂ ಸುತ್ತಿದರೆ ಕಾಲು ನೋಯುತ್ತದೆ, ಮನಸ್ಸಿಗೆ ಏನೂ ಹತ್ತುವುದಿಲ್ಲ. ಆತಕೂರಿನ ಕಲ್ಲು ಎಲ್ಲಿದೆ ಎಂದು ಕೇಳಿ, ಅದರ ಮುಂದೆ ಅರ್ಧ ಗಂಟೆ ನಿಲ್ಲಿ.

ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೊಂದು ಹಂದಿಯ ಮೇಲೆ ಬಿದ್ದಿದೆ. ನಾಯಿಯ ಹೆಸರು ಕಾಳಿ. ಸುಮಾರು ಕ್ರಿ.ಶ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳರ ವಿರುದ್ಧ ಮೆರೆದ ವೀರ ಮಣಲೆರನನ್ನು ಗಂಗರ ದೊರೆ ಬೂತುಗ ಏನು ಬೇಕೆಂದು ಕೇಳಿದ. ಆತ ಕೇಳಿದ್ದು ಈ ನಾಯಿಯನ್ನು. ಬೇಟೆಯಲ್ಲಿ ನಾಯಿ, ಹಂದಿ ಎರಡೂ ಸತ್ತವು. ಮಣಲೆರ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಶೈವ ಪೂಜಾರಿ ಗೊರವ ಉಣ್ಣಬಾರದೆಂದೂ ಬರೆಸಿದ. ಅಂದರೆ ಮಂಡ್ಯ ಸೀಮೆಯ ಈ ಕಲ್ಲು ಒಂದು ಕಾಲಕ್ಕೆ ದಿನಾ ಪೂಜೆ ಕಂಡದ್ದು. ಈಗ ಅದರ ಪಕ್ಕ ಕಾವಲುಗಾರನ ಕುರ್ಚಿ. ಮಾರಮ್ಮನನ್ನು ಗದ್ದುಗೆಯಿಂದ ಎತ್ತಿ ಇಲ್ಲಿ ತಂದಿಟ್ಟಿದ್ದರೆ ಹೇಗಿರುತ್ತಿತ್ತು ಎಂದು ಒಂದು ಗಳಿಗೆ ಯೋಚಿಸಿ, ಕಲ್ಲು ಬೇರೆಯೇ ಕಾಣಿಸುತ್ತದೆ.

ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳಿವೆ. ಅವುಗಳ ಊರು ಪರದೆ, ದೀಪ, ರಾತ್ರಿ. ಗೋಡೆಯ ಮೇಲೆ ಅವು ಮಲಗಿವೆ ಎಂದೇ ತಿಳಿಯಿರಿ. ತೊಗಲಿನಲ್ಲಿ ಕೊರೆದ ಸಣ್ಣ ಸಣ್ಣ ತೂತುಗಳನ್ನು ನೋಡಿ: ಬೆಳಕು ನುಸುಳಿ ಒಡವೆಯಾಗುತ್ತಿದ್ದುದು ಅಲ್ಲೇ.

ಮಕ್ಕಳಿದ್ದರೆ ಕಸ್ತೂರಬಾ ರಸ್ತೆಯಲ್ಲೇ ಇರುವ ವಿಶ್ವೇಶ್ವರಯ್ಯ ಮ್ಯೂಸಿಯಂ ತಪ್ಪಿಸಬೇಡಿ. ಅಲ್ಲಿ ಮುಟ್ಟಿ, ತಿರುಗಿಸಿ ಕಲಿಯಬಹುದು. ಎಚ್‌ಎಎಲ್ ಮ್ಯೂಸಿಯಂನ ವಿಮಾನಗಳು ನನ್ನನ್ನು ಅಷ್ಟಾಗಿ ಸೆಳೆಯಲಿಲ್ಲ. ಚಳ್ಳಕೆರೆಯ ವರವು ಕಾವಲಿನ ಮೇಲೆ ಡಿಆರ್‌ಡಿಒ ವಿಮಾನ ಹಾರಿಸುತ್ತದಲ್ಲ, ತಲೆ ಎತ್ತಿ ನೋಡಿ ಅಭ್ಯಾಸವಾದವನಿಗೆ ನಿಂತ ವಿಮಾನ ಸಪ್ಪೆ.

ಊರಿಗೆ ಮರಳಿದ ಮೇಲೆ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ. 1892ರಲ್ಲಿ ಬಿ.ಎಲ್. ರೈಸ್ ಗುರುತಿಸಿದ ಅಶೋಕನ ಶಾಸನ ಬಂಡೆಯ ಮೇಲೆ ಇದ್ದಲ್ಲೇ ಇದೆ. ಈ ಕಲ್ಲಿನ ಊರು ಕೇಳಬೇಕಾಗಿಲ್ಲ. ಕೊನೆಯ ಸಾಲು ನೋಡಿ: ಬರೆದವನು ಚಪಡ. ಶಾಸನವೆಲ್ಲ ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿದೆ. ತಾನು ಲಿಪಿಕಾರ ಎನ್ನುವ ಒಂದು ಮಾತನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅವನನ್ನು ಕೇಳಿ, ಯಾವೂರಪ್ಪ ನಿಂದು?