ಸೀಸರನ ದಾಳ: ಒಂದು ಲ್ಯಾಟಿನ್ ಉಕ್ತಿಯ ಪರಾಮರ್ಶೆ

ಕ್ರಿ. ಪೂ. 49ರ ಜನವರಿಯಲ್ಲಿ ಜೂಲಿಯಸ್ ಸೀಸರನು ರೂಬಿಕಾನ್ ನದಿಯನ್ನು ದಾಟುವಾಗ 'ದಾಳ ಬಿದ್ದಾಯಿತು' ಎಂದನೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ಕಂಠಪಾಠವಾದ ಸಂಗತಿ. ಆಗಬೇಕಾದುದು ಆಗಿಹೋಯಿತು, ಇನ್ನು ಹಿಂದಿರುಗುವಂತಿಲ್ಲ ಎಂಬುದೇ ಅದರ ಅರ್ಥವೆಂದು ನಾವೂ ತರಗತಿಗಳಲ್ಲಿ ಬಹುಕಾಲ ಬೋಧಿಸುತ್ತ ಬಂದೆವು. ಮೂಲಗಳನ್ನು ಎದುರಿಗಿಟ್ಟುಕೊಂಡು ನೋಡಿದಾಗ ಈ ಅರ್ಥವು ನಿಲ್ಲುವುದು ಕಷ್ಟವೆಂದು ತೋರಿತು.

ಉಕ್ತಿಯ ಲ್ಯಾಟಿನ್ ರೂಪವಾದ 'ಯಾಕ್ಟ ಆಲಿಯ ಎಸ್ಟ್' ಎಂಬುದು ದೊರೆಯುವುದು ಸ್ಯುಟೋನಿಯಸನಲ್ಲಿ. ಅವನು ಬರೆದುದಾದರೋ ಕ್ರಿ. ಶ. ಎರಡನೆಯ ಶತಮಾನದಲ್ಲಿ. ನದೀತೀರದಲ್ಲಿ ಕೊಳಲೂದುತ್ತ ಕುಳಿತಿದ್ದ ಮಹಾಕಾಯನೊಬ್ಬನು ಸೈನಿಕನ ಕಹಳೆಯನ್ನು ಕಸಿದು ಊದುತ್ತ ಹೊಳೆ ದಾಟಿದನೆಂಬ ಅದ್ಭುತವನ್ನು ಹೇಳುವವನೂ ಅವನೇ. ಅದ್ಭುತವನ್ನು ಬಿಟ್ಟು ಉಕ್ತಿಯನ್ನು ಮಾತ್ರ ನಾವೆಲ್ಲರೂ ಇಟ್ಟುಕೊಂಡಿದ್ದೇವೆ!

ಪ್ಲೂಟಾರ್ಕನು ಸೀಸರನು ಈ ಮಾತನ್ನು ಗ್ರೀಕಿನಲ್ಲಿ ಆಡಿದನೆಂದು ಸ್ಪಷ್ಟವಾಗಿ ತಿಳಿಸುತ್ತಾನೆ. ಗ್ರೀಕ್ ರೂಪದ ಕ್ರಿಯಾಪದವು ವಿಧ್ಯರ್ಥಕ: 'ದಾಳ ಬೀಳಲಿ'. ಮೆನಾಂಡರನ ನಾಟಕವೊಂದರಲ್ಲಿ, ಮದುವೆ ಬೇಡವೆಂಬ ಹಿತವಚನಕ್ಕೆ ಕಿವಿಗೊಡದವನೊಬ್ಬನ ಬಾಯಲ್ಲಿ ಇದೇ ಮಾತು ಬರುತ್ತದೆ. ಸೀಸರನಿಗೆ ಮೆನಾಂಡರನಲ್ಲಿ ಆದರವಿದ್ದಿತು. ಟೆರೆನ್ಸನನ್ನು 'ಅರೆ ಮೆನಾಂಡರ್' ಎಂದು ಕರೆದ ಪದ್ಯವು ಸೀಸರನದೆಂದು ಪ್ರತೀತಿ. ಅಲ್ಲದೆ, ಅಂದು ನದೀತೀರದಲ್ಲಿ ಅಸಿನಿಯಸ್ ಪೋಲಿಯೊ ಜೊತೆಗಿದ್ದನೆಂದೂ ಪ್ಲೂಟಾರ್ಕನು ಹೇಳುತ್ತಾನೆ. ಪೋಲಿಯೊ ಬರೆದ ಅಂತರ್ಯುದ್ಧದ ಇತಿಹಾಸವು ಈಗ ನಷ್ಟವಾಗಿದೆ. ಕಣ್ಣಾರೆ ಕಂಡವನ ಸಾಕ್ಷ್ಯವು ಆ ಮಾರ್ಗವಾಗಿ ಪ್ಲೂಟಾರ್ಕನಿಗೆ ಬಂದಿರುವುದು ಸಂಭಾವ್ಯ.

ಸ್ಯುಟೋನಿಯಸನ 'ಎಸ್ಟ್' ಎಂಬುದನ್ನು 'ಎಸ್ಟೊ' ಎಂದು ತಿದ್ದಬೇಕೆಂದು 16ನೆಯ ಶತಮಾನದಲ್ಲಿ ಇರಾಸ್ಮಸನು ಸೂಚಿಸಿದ್ದುಂಟು. ಹಸ್ತಪ್ರತಿಗಳಲ್ಲಿರುವ ಪಾಠವನ್ನು ಹೀಗೆ ಬದಲಾಯಿಸಲು ನಮಗೆ ಮನಸ್ಸಿಲ್ಲ. ಸ್ಯುಟೋನಿಯಸನೇ ಸಡಿಲವಾಗಿ ಅನುವಾದಿಸಿರಬಹುದು. ಆದರೆ ಸೀಸರನ ಅಭಿಪ್ರಾಯವನ್ನು ಗ್ರಹಿಸಲು ಗ್ರೀಕ್ ರೂಪವನ್ನೇ ನಂಬುವುದು ಯುಕ್ತ. 'ಆಲಿಯ' ಶಬ್ದಕ್ಕೂ ಮುಖ್ಯಾರ್ಥವು ದಾಳವಲ್ಲ, ದಾಳದ ಆಟ. ನಮ್ಮ 'ದ್ಯೂತ'ವೇ ಅದಕ್ಕೆ ಸಮೀಪ. ದ್ಯೂತದಲ್ಲಿ ಎಸೆಯುವವನಿಗೆ ಫಲ ತಿಳಿದಿರುವುದಿಲ್ಲ. ಹೀಗಿರಲು, ಸೀಸರನು ವಿಧಿನಿಶ್ಚಯವನ್ನು ಸಾರಿದವನಲ್ಲ, ಸೋಲಬಹುದೆಂದು ಅರಿತೇ ಪಣವೊಡ್ಡಿದವನು.

ಸೀಸರನು ತಾನೇ ಬರೆದ ಅಂತರ್ಯುದ್ಧದ ವೃತ್ತಾಂತದಲ್ಲಿ ಈ ಉಕ್ತಿಯಿಲ್ಲ, ರೂಬಿಕಾನಿನ ಹೆಸರೂ ಇಲ್ಲ. 13ನೆಯ ಲೀಜನ್ನಿನೊಡನೆ ಅರಿಮಿನಮ್ಮಿಗೆ ಹೋದುದಷ್ಟೇ ಇದೆ. ಪ್ರಾಂತಾಧಿಪತಿಯು ಸೈನ್ಯದೊಡನೆ ಆ ಗಡಿಯನ್ನು ದಾಟುವುದು ರೋಮಿನ ಕಾನೂನಿಗೆ ವಿರುದ್ಧವಾಗಿದ್ದಿತು. ನದಿಯನ್ನು ಹೆಸರಿಸಿದ್ದರೆ ತನ್ನ ಅಪರಾಧವನ್ನು ತಾನೇ ಬರೆದುಕೊಟ್ಟಂತಾಗುತ್ತಿದ್ದಿತು.