ಮೋಯಾರಿನಾಚೆಯ ಕಾವ್ಯ

ನೀಲಗಿರಿಯ ಬಡಗರ ನುಡಿಯಾದ ಬಡಗಿನ ಮಾತು ಬಂದಾಗಲೆಲ್ಲ ಕನ್ನಡ ವಿದ್ವತ್ತಿನ ಬಾಯಿಂದ ಒಂದೇ ತೀರ್ಪು ಹೊರಬೀಳುತ್ತದೆ: ಅದು ಕನ್ನಡದ ಉಪಭಾಷೆ, ಹಳೆಯ ರೂಪಗಳನ್ನು ಉಳಿಸಿಕೊಂಡಿದೆ, ಸಾಹಿತ್ಯವೇನೂ ಇಲ್ಲ. ಮೊದಲೆರಡು ಮಾತಿನ ಮೇಲೆ ಭಾಷಾಶಾಸ್ತ್ರದವರು ಬೇಕಾದಷ್ಟು ಜಗಳವಾಡಲಿ. ಮೂರನೆಯದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಕೋತಗಿರಿ ಸೀಮೆಯಲ್ಲಿ, ಕೂಕಲ್ತೊರೈಯಂಥ ಹಟ್ಟಿಗಳಲ್ಲಿ, ಹೆಣದ ಬಳಿ ನಿಂತು ಹೇಳುವ ‘ಕರು ಹರಚೋದು’ ಎಂಬ ಪಠಣ ಸಾಹಿತ್ಯವಲ್ಲವೆಂದಾದರೆ, ನಾವು ಮೆಚ್ಚಿ ಬಹುಮಾನ ಕೊಟ್ಟ ಎಷ್ಟೋ ಕವನಸಂಕಲನಗಳಿಗೂ ಆ ಹೆಸರು ಸಲ್ಲುವುದಿಲ್ಲ.

ಹಿರಿಯನೊಬ್ಬ ಸತ್ತವರ ಪಾಪಗಳನ್ನು ಒಂದೊಂದಾಗಿ ಹೇಳುತ್ತ ಹೋಗುತ್ತಾನೆ. ಅವರಷ್ಟೇ ಅಲ್ಲ, ಅವರ ಹಿಂದಿನವರು ಮಾಡಿದ ಪಾಪಗಳೂ ಅದರಲ್ಲಿ ಸೇರುತ್ತವೆ. ಎಲ್ಲ ಸೇರಿ 1300 ಎಂಬುದು ರೂಢಿಯ ಲೆಕ್ಕ. ಪ್ರತಿಯೊಂದಕ್ಕೂ ನೆರೆದವರು ಅದು ಪಾಪವೆಂದು ದನಿಗೂಡಿಸುತ್ತಾರೆ. ಹಿಂದೆ ಆ ಪಾಪಗಳನ್ನೆಲ್ಲ ಒಂದು ಕರುವಿನ ಮೇಲೆ ಹೊರಿಸಿ ಬಿಟ್ಟುಬಿಡುತ್ತಿದ್ದರು. ಆಮೇಲೆ ಯಾರೂ ಅದನ್ನು ಕೆಲಸಕ್ಕೆ ಹೂಡುವಂತಿರಲಿಲ್ಲ.

ಎಂಥ ಪಾಪಗಳು? ಎಲ್ಲೆಗಲ್ಲು ಸರಿಸಿದ್ದು. ಹರಿದಾಡುವ ಹಾವನ್ನು, ಹಲ್ಲಿಯನ್ನು, ಕಪ್ಪೆಯನ್ನು ಕೊಂದದ್ದು. ಹಸಿ ಗಿಡ ಮುರಿದದ್ದು. ಮರಿಹಕ್ಕಿಯನ್ನು ಬೆಕ್ಕಿಗೆ ಕೊಟ್ಟದ್ದು. ದಾರಿ ಕೇಳಿದವರಿಗೆ ತಪ್ಪು ದಾರಿ ತೋರಿದ್ದು. ಪಕ್ಕದವರ ಎಮ್ಮೆ ಚೆನ್ನಾಗಿ ಕರೆಯುತ್ತದೆಂದು ಹೊಟ್ಟೆ ಉರಿದುಕೊಂಡದ್ದು. ಮಾವ ನೆಲದ ಮೇಲೆ ಕೂತಿರುವಾಗ ತಾನು ಮಂಚದ ಮೇಲೆ ಮಲಗಿದ್ದು. ಬೇಸಾಯದ ಬದುಕಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಮನುಷ್ಯ ಎಲ್ಲೆಲ್ಲಿ ಸಣ್ಣವನಾಗಬಹುದೋ ಅಲ್ಲೆಲ್ಲ ಈ ಪಠಣ ಹೋಗಿ ನಿಲ್ಲುತ್ತದೆ.

ಸತ್ತವರು ಯಾರೇ ಆಗಿರಲಿ, ಪಟ್ಟಿ ಅದೇ. ನವ್ಯದ ವಿಮರ್ಶಕನಿಗೆ ಇದು ಬರಿಯ ಸೂತ್ರ, ಅನುಭವದ ಅನನ್ಯತೆ ಇಲ್ಲದ್ದು. ನನಗೆ ಇದರ ಎತ್ತರವೇ ಅಲ್ಲಿದೆ. ಇಲ್ಲಿ ಸತ್ತವರ ವಿಚಾರಣೆ ನಡೆಯುತ್ತಿಲ್ಲ. ಎಲ್ಲೆಗಲ್ಲು ಸರಿಸಿದವನು ಆ ಗುಂಪಿನಲ್ಲೇ ನಿಂತಿರಬಹುದು. ಅದು ಪಾಪವೆಂದು ಅವನೂ ಬಾಯಿಬಿಟ್ಟು ಹೇಳಲೇಬೇಕು. ಯಾರ ಮೇಲೂ ಬೆರಳು ತೋರದೆ ಇಡೀ ಹಟ್ಟಿಯನ್ನು ಮಾತಿಗೆ ಕಟ್ಟಿಹಾಕುವ ಈ ರಚನೆ ಯಾವ ಆತ್ಮನಿವೇದನೆಯ ಕವಿತೆಗೂ ದಕ್ಕಿಲ್ಲ.

ಈ ಪಠಣವನ್ನು ಮೊದಲು ಗುರುತಿಸಿದವರಲ್ಲಿ ಒಬ್ಬ ಚಾರ್ಲ್ಸ್ ಗೋವರ್. 1871ರ ತನ್ನ ದಕ್ಷಿಣ ಭಾರತದ ಜನಪದ ಗೀತೆಗಳ ಪುಸ್ತಕದಲ್ಲಿ ಬಡಗರಿಗೆ ಒಂದು ಭಾಗವನ್ನೇ ಮೀಸಲಿಟ್ಟ. ಆದರೆ ಆ ಮನುಷ್ಯನನ್ನು ನಾನು ಕ್ಷಮಿಸಲಾರೆ. ಹೆಣದ ಮುಂದಿನ ಒರಟು ಲಯವನ್ನು ಇಂಗ್ಲಿಷ್ ಪದ್ಯದ ಜಾಡಿಗೆ ಎಳೆದು ಇಗರ್ಜಿಯ ಕೀರ್ತನೆ ಮಾಡಿಟ್ಟ. ಅವನಿಗೆ ಬೇಕಿದ್ದದ್ದು ದಕ್ಷಿಣದ ಜನರೂ ನೀತಿವಂತರೆಂಬ ಪ್ರಮಾಣಪತ್ರ. ಕೂಡಿದವರ ದನಿಯನ್ನು ಅಚ್ಚಿಗೇನೋ ಇಳಿಸಿದ, ಅದರ ಲಯ ಮಾತ್ರ ಅವನ ಕಿವಿಗೆ ಬೀಳಲೇ ಇಲ್ಲ.

ಕಿವಿಯಿದ್ದವರು ಭಾಷಾಶಾಸ್ತ್ರಜ್ಞ ಎಮೆನೊ. 1930ರ ದಶಕದಲ್ಲಿ ನೀಲಗಿರಿಯಲ್ಲಿ ದುಡಿದ ಅವರು ಅಲ್ಲಿನ ಕೋತರ ಕಥನಗಳನ್ನು ಪ್ರಕಟಿಸಿದರು. 1971ರಲ್ಲಿ ತೊದವರ ಹಾಡುಗಳ ದಪ್ಪ ಸಂಪುಟವನ್ನೇ ತಂದು, ಆ ಜನರಿಗೆ ಮೌಖಿಕ ಕವಿಗಳೆಂಬ ಕೀರ್ತಿ ತಂದುಕೊಟ್ಟರು. ಬಡಗರಿಗೆ ಕೊಟ್ಟದ್ದು 1939ರಲ್ಲಿ ಸ್ವರಗಳ ಮೇಲೊಂದು ಲೇಖನ. ಅಂದಿನಿಂದ ಬಡಗು ಎಂದರೆ ಸ್ವರಗಳ ಸೋಜಿಗ, ಅಷ್ಟೇ. ತೊದವರಂಥ ಅಪರೂಪದ ಪುಟ್ಟ ಸಮುದಾಯ ವಿದ್ವಾಂಸರನ್ನು ಸೆಳೆಯುತ್ತದೆ. ಆಲೂಗೆಡ್ಡೆ, ಕೋಸು ಬೆಳೆದು ಮಂಡಿಗೆ ಸಾಗಿಸುವ ಬಹುಸಂಖ್ಯೆಯ ಒಕ್ಕಲಿನಲ್ಲಿ ಕಾವ್ಯ ಹುಡುಕಲು ಅವರಿಗೆ ತೋಚುವುದಿಲ್ಲ. ಪಾಲ್ ಹಾಕಿಂಗ್ಸ್ 1988ರಲ್ಲಿ ಬಡಗರ ಗಾದೆ, ಪ್ರಾರ್ಥನೆ, ಶಾಪಗಳನ್ನು ಕೂಡಿಸಿ ದೊಡ್ಡ ಉಪಕಾರ ಮಾಡಿದರು. ಅದೂ ಇಂಗ್ಲಿಷಿನಲ್ಲಿ, ಮಾನವಶಾಸ್ತ್ರದ ಕಪಾಟಿನಲ್ಲಿ.

ಇವರೆಲ್ಲ ಹೊರಗಿನವರು. ನನ್ನ ನಿಜವಾದ ಜಗಳ ನಮ್ಮವರೊಡನೆ. ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರಿಗೆ ಸೇರಿತು, ಆ ಸೀಮೆಯ ಮಾದೇಶ್ವರನ ಕಾವ್ಯ, ಮಂಟೇಸ್ವಾಮಿಯ ಕಾವ್ಯ ಕನ್ನಡದ ಮಹಾಕಾವ್ಯಗಳೆನಿಸಿಕೊಂಡವು, ರಂಗಕ್ಕೆ ಬಂದವು, ಪಠ್ಯವಾದವು. ಅವಕ್ಕೆ ಆ ಗೌರವ ಸಲ್ಲಲೇಬೇಕು. ನೀಲಗಿರಿ ಮದರಾಸಿನಲ್ಲೇ ಉಳಿಯಿತು. ನಮ್ಮ ಜಾನಪದ ವಿದ್ವತ್ತು ನಡುವಿನ ಮೋಯಾರು ಹೊಳೆಯ ಈಚೆ ದಡದಲ್ಲೇ ನಿಂತಿತು. ಬಾಸೆಲ್ ಮಿಷನ್ನಿನವರು ಬಡಗು ನುಡಿಯನ್ನು ಕನ್ನಡ ಲಿಪಿಯಲ್ಲೇ ಅಚ್ಚುಹಾಕಿದ್ದರೆಂಬುದೂ ನಮಗೆ ಮರೆತುಹೋಯಿತು.

ಗಡಿಯೊಂದೇ ಕಾರಣವಲ್ಲ, ಅಭಿರುಚಿಯೂ ಕಾರಣ. ನಮ್ಮ ವಿಮರ್ಶೆಗೆ ನಾಯಕ ಬೇಕು, ಪವಾಡ ಬೇಕು, ಬಂಡಾಯ ಬೇಕು. ಜಾನಪದವನ್ನು ಒಪ್ಪಿಕೊಂಡಾಗಲೂ ನಾವು ಹುಡುಕಿದ್ದು ಮಹಾಪುರುಷರನ್ನೇ. ಮಾವನೆದುರು ಮಂಚದಲ್ಲಿ ಮಲಗಿದವಳ ಚಿಕ್ಕ ತಪ್ಪನ್ನು ಎತ್ತಿ ಹೇಳಿ, ಅವಳನ್ನು ದೂಷಿಸದೆ ಕಳಿಸಿಕೊಡುವ ಮಾತನ್ನು ಎಲ್ಲಿಡಬೇಕೆಂದು ಈ ಅಭಿರುಚಿಗೆ ತಿಳಿಯದು. ನಮ್ಮ ವಿಶ್ವವಿದ್ಯಾಲಯಗಳು ಬಡಗರನ್ನು ಕನ್ನಡದವರೆಂದು ಕರೆಯುವ ಹಟ ಬಿಡಲಿ. ಹಾಗೆ ಕರೆಸಿಕೊಳ್ಳುವುದು ಬಿಡುವುದು ಅವರ ಇಷ್ಟ. ಅವರ ಒಪ್ಪಿಗೆ ಪಡೆದು, ಹೇಳುವವನ ದನಿಯ ಜೊತೆಗೆ ಕೂಡಿದವರ ದನಿಯನ್ನೂ ಸೇರಿಸಿ, ಈ ಪಠಣವನ್ನು ವಚನದ ಪಾಠದ ಪಕ್ಕದಲ್ಲಿಟ್ಟು ಕಲಿಸಲಿ.